ಉಳಿಸಿದ ತಾಸು

ಹೇಮಂತ ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು ಗೋಡೆ ಗಡಿಯಾರದ ದೊಡ್ಡ ಮುಳ್ಳನ್ನು ಒಂದು ಪೂರಾ ಸುತ್ತು ಹಿಂದಕ್ಕೆ ತಿರುಗಿಸಿದ. ಹೊರಗೆ ಹೆಣ್ಣಾಳುಗಳು ಬುತ್ತಿ ಬಿಚ್ಚಿದ್ದರು. ಸಂಜೆಗೆ ಲಾರಿ ತುಂಬಬೇಕು. ತೊಟ್ಟು ಬಿಡಿಸದ ಮೆಣಸಿನಕಾಯಿ ಇನ್ನೂ ಗುಡ್ಡೆಗಟ್ಟಲೆ ಬಿದ್ದಿತ್ತು. ಅವರನ್ನು ಒಂದು ತಾಸು ಹೆಚ್ಚಿಗೆ ಕೂರಿಸದೆ ಗತಿಯಿರಲಿಲ್ಲ.

ಹೋದ ವಾರ ಅದೇ ಗಡಿಯಾರವನ್ನು ಒಂದು ತಾಸು ಮುಂದಕ್ಕೆ ತಿರುಗಿಸಿಟ್ಟವನೂ ಅವನೇ. ‘ಬ್ಯಾಸಗಿ ಬಂತಂದ್ರ ಎಷ್ಟೋ ದೇಶದಾಗ ಊರಿಗೂರ ಗಡಿಯಾರ ಒಂದು ತಾಸು ಮುಂದಿಡತಾವು. ಹಗಲು ದಂಡ ಆಗೂದಿಲ್ಲ. ನಾವೂ ಹಂಗ ಮಾಡೂಣು. ಲಗೂ ಬರ್ರಿ, ಲಗೂ ಹೋಗ್ರಿ,’ ಎಂದು ಬ್ಯಾಡಗಿಯ ತನ್ನ ಶೆಡ್ಡಿನಲ್ಲಿ ಭಾಷಣ ಬಿಗಿದಿದ್ದ. ಎಲ್ಲರೂ ನಕ್ಕಿದ್ದರು. ಕಾಗಿನೆಲೆಯ ಗುತ್ತೆವ್ವ ಮಾತ್ರ, ‘ಹಂಗಾದ್ರ ಶುಕ್ರವಾರ ನನ್ನ ಮಗಳ ಸಾಲಿ ಗ್ಯಾದರಿಂಗಿಗೆ ಮುಟ್ಟತೇನ್ರಿ. ಅಕಿ ಕುಣಿಯಾಕಿ ಅದಾಳ,’ ಎಂದಿದ್ದಳು.

ಇವತ್ತೇ ಶುಕ್ರವಾರವೆಂಬುದು ಸ್ಟೂಲಿನಿಂದ ಇಳಿದ ಮೇಲೆ ಹೇಮಂತನಿಗೆ ನೆನಪಾಯಿತು. ಅವನು ಮತ್ತೆ ಹತ್ತಲಿಲ್ಲ.

‘ಇವತ್ತ್ಯಾಕ ಹೊತ್ತ ಹೋಗವಲ್ದವಾ,’ ಎಂದಳು ಊಟ ಮುಗಿಸಿ ಮತ್ತೆ ತೊಟ್ಟು ಬಿಡಿಸಲು ಕೂತಿದ್ದ ಮುತ್ತವ್ವ, ಕಾಯಿ ರಾಶಿಯ ಆಚೆಯಿಂದ. ‘ಸಾವಕಾರ್ರ ಗಡಿಯಾರಕ್ಕೂ ಖಾರ ಹತ್ತೇತೇನ?’

ಶೆಡ್ಡು ತುಂಬ ನಗೆಯೆದ್ದಿತು. ಗುತ್ತೆವ್ವ ನಗಲಿಲ್ಲ. ‘ಸಾವಕಾರ್ರ, ಅದು ಬರೋಬರಿ ಐತಿಲ್ರಿ?’

‘ಬರೋಬರಿ ಐತಿ ಯಕ್ಕಾ,’ ಎಂದ ಹೇಮಂತ, ತಲೆ ಎತ್ತದೆ.

ಕೆಲಸ ಬಿಡುವ ಮೊದಲೇ ಬಾಗಿಲಿಗೆ ತೂಗುಹಾಕಿದ್ದ ಚೀಲದಲ್ಲಿ ಗುತ್ತೆವ್ವಳ ಫೋನು ಹೊಡೆದುಕೊಂಡಿತು. ಖಾರದ ಕೈಯಲ್ಲಿ ಮುಟ್ಟುವಂತಿಲ್ಲ. ‘ಒಂಚೂರು ಕಿವಿಗೆ ಹಿಡೀರಿ,’ ಎಂದಳು. ಹೇಮಂತ ಹಿಡಿದ. ಹುಡುಗಿಯ ದನಿ ಅವನಿಗೂ ಕೇಳಿಸಿತು.

‘ಯವ್ವಾ, ನಂದು ಮುಗೀತು! ನಿನ್ನ ಹುಡುಕ್ಕೋಂತನ ಕುಣಿದ್ನಿ. ಎಲ್ಲಿ ಕುಂತಿದ್ದಿ ನೀ?’

ಗುತ್ತೆವ್ವ ಗಡಿಯಾರ ನೋಡಿದಳು. ಆಮೇಲೆ ಅಂಗಳದಲ್ಲಿ ಉದ್ದಕ್ಕೆ ಚಾಚಿದ್ದ ನೆರಳು ನೋಡಿದಳು. ಹೇಮಂತನ ಕಡೆ ನೋಡಲಿಲ್ಲ.

‘ಹಿಂದ ಕುಂತಿದ್ನವಾ,’ ಎಂದಳು. ‘ಭಾಳ ಚಲೋ ಕುಣದಿ.’

ಫೋನು ಕೆಳಗಿಳಿಸಿದರೂ ಹೇಮಂತನಿಗೆ ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮುಖ ಮೆಣಸಿನಕಾಯಿ ಸವರಿದಂತೆ ಉರಿಯುತ್ತಿತ್ತು. ‘ಯಕ್ಕಾ... ನಾಳೆ ಒಂದು ತಾಸು ಮೊದಲ ಹೋಗು. ಬೇಕಾದ್ರ ಎರಡು ತಾಸು. ಪಗಾರ ಮುರಿಯಂಗಿಲ್ಲ.’

ಗುತ್ತೆವ್ವ ರಾಶಿಯಿಂದ ಇನ್ನೊಂದು ಕಾಯಿ ಎತ್ತಿ ತೊಟ್ಟು ಮುರಿದಳು.

‘ಒಲ್ಲೆ,’ ಎಂದಳು.