ಬೂಟಿನ ಪಕ್ಕದ ಸಸಿ

ಗಿಡಗಳು ನಡೆಯಲು ಕಲಿತ ಮೇಲೆ ಹಸಿರು ಪ್ರಶಸ್ತಿಯ ತಪಾಸಣೆ ಬಹಳ ಸುಲಭವಾಗಿತ್ತು. ತಪಾಸಣೆಯವರು ವಿಶ್ವವಿದ್ಯಾಲಯದ ಬಯಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುವರು. ಪ್ರತಿ ಗಿಡವೂ ತನ್ನನ್ನು ಬೆಳೆಸಿದವರ ಪಕ್ಕ ಹೋಗಿ ನಿಲ್ಲುವುದು. ಇವರು ಬರೆದುಕೊಂಡು, ಚಹಾ ಕುಡಿದು ಹೊರಡುವರು.

ಪರಿಸರ ದಿನದಂದು ಕ್ಯಾಮೆರಾ ಮುಂದೆ ನಲವತ್ತು ಸಸಿ ನೆಟ್ಟಿದ್ದ ಪ್ರೊಫೆಸರ್ ಸೊಗಲದ ಅವರು ಠೀವಿಯಿಂದ ಸೀಟಿ ಊದಿದರು. ನಲವತ್ತೂ ಬೇರು ಕೊಡವಿಕೊಂಡು ಎದ್ದು ಬಂದವು. ಆದರೆ ಅವರನ್ನು ದಾಟಿ ಹೋಗಿ, ಹಿಂದೆ ಪೈಪು ಸುತ್ತುತ್ತಿದ್ದ ತೋಟದ ಕೆಲಸದ ನೀಲವ್ವನ ಸೀರೆಗೆ ಒತ್ತಿಕೊಂಡು ನಿಂತವು.

ಸೊಗಲದರ ಕಿವಿ ಸುಡತೊಡಗಿತು.

"ಬಿಸಲಾಗ ಇವಕ್ಕ ಕಣ್ಣ ಕಾಣಂಗಿಲ್ರಿ ಸರ," ಎಂದಳು ನೀಲವ್ವ ಗಾಬರಿಯಿಂದ. ಬಗ್ಗಿ ಒಂದು ಸಸಿಗೆ ಪಿಸುಗುಟ್ಟಿದಳು: "ಹೋಗವ್ವಾ, ಅವರ ಮರ್ಯಾದಿ ಹೊಕ್ಕೈತಿ. ಒಂದೀಟು ನಿಂತು ಬಾ."

ಪಿಸುಮಾತು ಎಲ್ಲರಿಗೂ ಕೇಳಿಸಿತು. ಸಸಿ ಒಲ್ಲದ ಮನಸ್ಸಿನಿಂದ ಬಂದು ಸೊಗಲದರ ಬೂಟಿನ ಪಕ್ಕ ನಿಂತಿತು.

"ಇದು ಯಾವ ಗಿಡ, ಪ್ರೊಫೆಸರ್?" ತಪಾಸಣೆಯ ಹಿರಿಯಾಕೆ ಮೆತ್ತಗೇ ಕೇಳಿದರು.

ಸೊಗಲದ ಅದನ್ನು ಮೊದಲ ಸಲ ಸರಿಯಾಗಿ ನೋಡಿದರು. ಅತ್ತ ನೀಲವ್ವ ತುಟಿಯಲ್ಲೇ 'ಹೊಂಗೆ, ಹೊಂಗೆ' ಎಂದು ಹೇಳಿಕೊಡುತ್ತಿದ್ದಳು.

"ನೀಲವ್ವಂದು," ಎಂದರು ಅವರು, ತಲೆ ಎತ್ತದೆ.

ಸಸಿ ತಿರುಗಿ ಓಡಿತು. ಅವರ ಬೂಟಿನ ಮೇಲೆ ಒಂದಿಷ್ಟು ಹಸಿ ಮಣ್ಣು ಉಳಿಯಿತು.