ಬಾಟಲಿಯ ಮೇಲಿನ ಗೆರೆ

ಜ್ವರದ ಔಷಧಿಯ ಬಾಟಲಿಯನ್ನು ದೀಪಕ್ಕೆ ಹಿಡಿದು, ಔಷಧಿ ನಿಂತ ಮಟ್ಟಕ್ಕೆ ಸರಿಯಾಗಿ ಆಕೆ ಪೆನ್ನಿನಿಂದ ಸಣ್ಣ ಗೆರೆ ಎಳೆದಳು. ಗಂಡ ಸ್ನಾನಕ್ಕೆ ಹೋಗಿದ್ದ. ಮಗಳು ಮಲಗಿದ್ದಳು. ಗೆರೆ ಒಣಗಿದ ಮೇಲೆ ಬಾಟಲಿಯನ್ನು ಮೊದಲಿದ್ದ ಜಾಗದಲ್ಲೇ, ಮೊದಲಿದ್ದ ಹಾಗೇ ಇಟ್ಟಳು. ಇನ್ನು ಯಾರು ಅರ್ಧ ಚಮಚ ತೆಗೆದರೂ ಗೊತ್ತಾಗಿಬಿಡುತ್ತದೆ.

ಬಾಟಲಿ ನೋಡುವುದೇ ಆಕೆಯ ಉದ್ಯೋಗ. ಹಣ್ಣಿನ ರಸದ ಕಾರ್ಖಾನೆಯಲ್ಲಿ ಬಿಳಿ ದೀಪದ ಮುಂದೆ ಕುಳಿತು, ಸಾಲಾಗಿ ಸಾಗುವ ಬಾಟಲಿಗಳಲ್ಲಿ ಕಸ ಇದೆಯೇ, ರಸ ಒಂದು ಗೆರೆ ಕಡಿಮೆಯಾಗಿದೆಯೇ ಎಂದು ದಿನಕ್ಕೆ ಎಂಟು ಗಂಟೆ ನೋಡುತ್ತಿದ್ದಳು. ಜೊತೆಯವರು ಅವಳಿಗೆ ಹದ್ದು ಎಂದೇ ಹೆಸರಿಟ್ಟಿದ್ದರು. ಅಂಥ ಹದ್ದಿನ ಕಣ್ಣಿಗೇ ಮನೆಯಲ್ಲಿ ಯಾರೋ ಮಣ್ಣೆರಚುತ್ತಿದ್ದರು.

ಹೋದ ಮಂಗಳವಾರ ಏಳು ವರ್ಷದ ಮಗಳು ಗುಬ್ಬಿಗೆ ಶಾಲೆಯಲ್ಲಿ ಜ್ವರ ಏರಿತ್ತು. ಫೋನ್ ಬಂತು, ಆಕೆ ಕೆಲಸ ಬಿಟ್ಟು ಓಡಿದಳು. ಶಾಲೆಯ ನರ್ಸ್ ಮಂಚದ ಮೇಲೆ ಮಗುವನ್ನು ಕೂರಿಸಿಕೊಂಡಿದ್ದಳು. ಗುಬ್ಬಿ ನೀರು ಕೇಳಿದಾಗ, ಮೊದಲು ಥರ್ಮಾಮೀಟರ್, ನೀರು ಕುಡಿದರೆ ಲೆಕ್ಕ ತಪ್ಪುತ್ತದೆ, ಅದೇನಿದ್ದರೂ ಆಮೇಲೆ ಎಂದು ಗದರಿ ಬಾಯಲ್ಲಿಟ್ಟಳು. ನೂರ ಎರಡು. ಶಾಲೆಯ ನಿಯಮವನ್ನೂ ಆಕೆಗೆ ಮತ್ತೊಮ್ಮೆ ನೆನಪಿಸಿದಳು: ದಿನಾ ಬೆಳಿಗ್ಗೆ ಮನೆಯಲ್ಲಿ ಜ್ವರ ನೋಡಿ, ಡೈರಿಯಲ್ಲಿ ಬರೆದು ಸಹಿ ಹಾಕಬೇಕು. ನೂರು ದಾಟಿದರೆ ಮಗು ಮನೆಯಲ್ಲೇ ಇರಬೇಕು.

ಬುಧವಾರ, ಗುರುವಾರ ಆಕೆ ರಜೆ ಹಾಕಿದಳು. ಗಂಡ ಲಿಫ್ಟ್ ರಿಪೇರಿಯವನು. ಹೊಸ ಕೆಲಸಕ್ಕೆ ಸೇರಿ ಇನ್ನೂ ಮೂರು ವಾರ, ರಜೆ ಎನ್ನುವ ಮಾತೇ ಎತ್ತುವ ಹಾಗಿರಲಿಲ್ಲ. ಗುರುವಾರ ಸಂಜೆ ಕಾರ್ಖಾನೆಯ ಸೂಪರ್‌ವೈಸರ್ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ. ಇನ್ನೊಂದು ಸಲ ಕ್ಷಮಿಸುತ್ತೇನೆ, ಅದರ ಮೇಲೂ ರಜೆ ಎಂದರೆ ಬರುವುದೇ ಬೇಡ. ಊಟಕ್ಕೆ ಬಡಿಸುವಾಗ ಆಕೆ ಗಂಡನಿಗೆ ಇದನ್ನು ಹೇಳಿ ಅತ್ತುಬಿಟ್ಟಳು. ಗುಬ್ಬಿ ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂತಿದ್ದಳು.

ದೇವರು ದೊಡ್ಡವನು, ಶುಕ್ರವಾರ ಜ್ವರ ಬಿಟ್ಟಿತ್ತು. ಗುಬ್ಬಿ ಕರೆಯುವ ಮೊದಲೇ ಎದ್ದು ಮುಖ ತೊಳೆದು ಬಂದಳು. ಹಣೆ ತುಸು ಬೆಚ್ಚಗಿದೆ ಅನ್ನಿಸಿತು. ಆದರೆ ಥರ್ಮಾಮೀಟರ್ ತೊಂಬತ್ತೇಳೂವರೆ ಎಂದಿತು. ಕೈಗಿಂತ ಯಂತ್ರ ವಾಸಿ ಎಂದು ಆಕೆ ಅದನ್ನೇ ಬರೆದು ಸಹಿ ಹಾಕಿದಳು. ಫ್ರಿಜ್ಜಿನಲ್ಲಿ ನೀರಿನ ಬಾಟಲಿ ಬರಿದಾಗಿತ್ತು. ಕುಡಿದು ಹಾಗೇ ಇಡುವ ಗಂಡನ ಸೋಮಾರಿತನಕ್ಕೆ ಬೈದುಕೊಂಡು ತುಂಬಿಸಿಟ್ಟಳು.

ಹನ್ನೊಂದಕ್ಕೆ ಫೋನ್ ಬಂತು. ನೂರ ಎರಡೂವರೆ.

ಈ ಸಲ ನರ್ಸಿನ ಮುಖ ಗಂಟಿಕ್ಕಿತ್ತು. "ಬೆಳಿಗ್ಗೆ ಔಷಧಿ ಕುಡಿಸಿ ಕಳಿಸೋ ತಾಯಂದಿರನ್ನ ಬೇಕಾದಷ್ಟು ನೋಡಿದ್ದೀನಿ. ಇದೇ ಕ್ಲಾಸಿನ ಇನ್ನಿಬ್ಬರು ಮಕ್ಕಳು ಜ್ವರ ಬಂದು ಮಲಗಿದ್ದಾರೆ, ಗೊತ್ತಾ ನಿಮಗೆ?"

ಆಕೆ ಅಂದು ಬೆಳಿಗ್ಗೆ ಒಂದು ಹನಿಯೂ ಕುಡಿಸಿರಲಿಲ್ಲ. ಹಾಗಾದರೆ ಕುಡಿಸಿದ್ದು ಯಾರು? ಮನೆಯಲ್ಲಿರುವುದು ಮೂವರು. ತನ್ನ ಹೊಸ ಕೆಲಸ ಉಳಿಯಲಿ ಎಂದು ಗಂಡನೇ ಕದ್ದು ಕುಡಿಸಿರಬೇಕು. ಅವಳಿಗೆ ಮೈಯೆಲ್ಲ ಉರಿಯಿತು. ಕಳ್ಳನನ್ನು ಮಾಲು ಸಮೇತ ಹಿಡಿಯಬೇಕೆಂದು ಶನಿವಾರ ಸಂಜೆ ಗೆರೆ ಎಳೆದಳು.

ಭಾನುವಾರ ಬೆಳಿಗ್ಗೆಯೂ ತೊಂಬತ್ತೇಳೂವರೆ. ಗೆರೆ ಅಲ್ಲೇ ಇತ್ತು, ಔಷಧಿಯೂ ಅಲ್ಲೇ. ನೀರಿನ ಬಾಟಲಿ ಮತ್ತೆ ಖಾಲಿ. ಗುಬ್ಬಿ ಇಡೀ ದಿನ ನಿದ್ದೆ ಬರುತ್ತಿದೆ ಎಂದು ಹೊದ್ದು ಮಲಗಿದಳು. ಆಕೆ ಎರಡು ಬಾಟಲಿ ತುಂಬಿಸಿಟ್ಟಳು.

ಸೋಮವಾರ ಬೆಳಿಗ್ಗೆ ಗಂಡನ ಅಂಗಿ ತೊಳೆಯಲೆಂದು ಜೇಬು ತಡಕಿದಾಗ ಕೈಗೆ ಸಿಕ್ಕಿತು. ಜ್ವರದ ಮಾತ್ರೆಗಳ ಹಾಳೆ. ನಾಲ್ಕು ಮಾತ್ರೆ ಕಾಣೆಯಾಗಿದ್ದವು.

"ಏನ್ರೀ ಇದು? ಮಗುಗೆ ಇದನ್ನ ಕೊಡ್ತಿದ್ದೀರಾ?"

ಅವನು ಕುಂಬಳಕಾಯಿ ಕಳ್ಳನ ಹಾಗೆ ತೊಟ್ಟಿದ್ದ ಅಂಗಿಯ ಜೇಬು ಮುಟ್ಟಿಕೊಂಡ. "ಮಗುಗಲ್ಲ ಕಣೇ, ನನಗೆ. ಶನಿವಾರದಿಂದ ಮೈ ಸುಡ್ತಿದೆ. ಹೇಳಿದ್ರೆ ಮನೇಲಿರು ಅಂತೀಯ, ಹೊಸ ಕೆಲಸ ಏನಾಗಬೇಕು?"

ಆಕೆ ಅವನ ಹಣೆ ಮುಟ್ಟಿದಳು. ಕೆಂಡ. ಬೈಯಬೇಕೋ ಅಳಬೇಕೋ ತಿಳಿಯಲಿಲ್ಲ. ಮೂರು ದಿನ ಅನುಮಾನಿಸಿದ್ದಕ್ಕೆ ನಾಚಿಕೆಯಾಯಿತು. ನೀರು ಕುಡಿಯಲೆಂದು ಫ್ರಿಜ್ ತೆರೆದಳು. ಎರಡು ಬಾಟಲಿಯೂ ಖಾಲಿ. ಅಷ್ಟು ಸಾಕಾಯಿತು, ಸಿಟ್ಟು ಮರಳಿ ಬಂತು.

"ಜ್ವರ ಇಟ್ಕೊಂಡು ಇಷ್ಟು ತಣ್ಣೀರು ಕುಡೀತಾರಾ ಯಾರಾದ್ರೂ?"

"ನಾನಾ? ನನ್ನ ಗಂಟಲಲ್ಲಿ ಬಿಸಿನೀರೇ ಇಳೀತಿಲ್ಲ."

ಆಕೆ ಖಾಲಿ ಬಾಟಲಿಯನ್ನು ಹಿಡಿದುಕೊಂಡೇ ತಿರುಗಿದಳು. ಗುಬ್ಬಿ ಕುರ್ಚಿಯಲ್ಲಿ ಕೂತಿದ್ದಳು. ಬೆನ್ನಿಗೆ ಚೀಲ, ಮುಂದೆ ಡೈರಿ ತೆರೆದಿತ್ತು. ಸಮವಸ್ತ್ರದ ಎದೆಭಾಗ ಒದ್ದೆಯಾಗಿತ್ತು. ಥರ್ಮಾಮೀಟರ್ ಕಚ್ಚಿಕೊಂಡ ಹಲ್ಲುಗಳು ನಡುಗುತ್ತಿದ್ದವು. ಅದು ಕೀಂ ಎಂದಿತು. ಗುಬ್ಬಿ ಅದನ್ನು ತೆಗೆದು ತಾನೇ ಓದಿಕೊಂಡು, ಅಮ್ಮನ ಕಡೆ ನೋಡಿ ನಕ್ಕಳು.

"ಇವತ್ತು ಎರಡು ಬಾಟಲಿ ಕುಡಿದಿದ್ದೀನಮ್ಮ, ಸಂಜೆವರೆಗೂ ನಿಂಗೆ ಫೋನ್ ಬರಲ್ಲ."