ಆರನೆಯ ಕುಂಡ

ಆರನೆಯ ಕುಂಡದ ಮಣ್ಣಿನಿಂದ ಶರ್ವರಿ ಚಿಮಟದಲ್ಲಿ ಎತ್ತಿದ ಪ್ಲಾಸ್ಟಿಕ್ ಹಾಳೆ ಹೂತಿಟ್ಟ ದಿನ ಹೇಗಿತ್ತೋ ಹಾಗೆಯೇ ಇತ್ತು. ಒಂದು ತೂತೂ ಇಲ್ಲ. ಉಳಿದ ಐದು ಕುಂಡಗಳ ಹಾಳೆಗಳು ತೊಂಬತ್ತು ದಿನಕ್ಕೆ ಚಿಂದಿಯಾಗಿದ್ದವು.

“ದುರ್ಗಾ, ಬಾ ಇಲ್ಲೆ! ಗೆದ್ದೆ ನಾ!”

ಪ್ರಯೋಗಾಲಯದ ಕುಂಡಗಳಿಗೆ ದಿನವೂ ನೀರು ಹಾಕುವ ಕೆಲಸ ದುರ್ಗಾಳದು. ಅವಳು ಸಿಂಕಿನ ಬಳಿಯಿಂದ ಅಲುಗಲಿಲ್ಲ.

“ಕರಗೂ ಪ್ಲಾಸ್ಟಿಕ್ ಮಾಡಿ, ಕರಗಲಿಲ್ಲಂತ ಕುಣಿಯಾಕತ್ತೀರಲ್ರಿ ಅಕ್ಕಾರ.”

“ಹುಚ್ಚಿ, ಇದರಿಂದ ಮಾಡಿದ ಚೀಲ ಸಂತಿಯಿಂದ ಮನೀತನಕನರೆ ತಾಳಬೇಕಲ್ಲ? ಇದರಾಗ ಎರಡು ಥರದ ಪ್ಲಾಸ್ಟಿಕ್ ಅವ. ಎಷ್ಟು ಕಲಸಿದ್ರೂ ಎಣ್ಣಿ-ನೀರಿನಂಗ ಬ್ಯಾರೆ ಬ್ಯಾರೆ ನಿಲ್ತಾವ. ನಡುವ ಈ ನ್ಯಾನೋ ಜೇಡಿ ಪುಡಿ ಸೇರಿದ್ರ ಎರಡನ್ನೂ ಹಿಡಕೊಂಡು ಕೂಡತದ. ನೀರಿಗೆ ಒಳಗ ಹೋಗ್ಲಿಕ್ಕೆ ಲಗೂನ ಹಾದಿ ಸಿಗೂದಿಲ್ಲ. ಆರನೇದರಾಗ ಪುಡಿ ಎಲ್ಲಾಕ್ಕಿಂತ ಹೆಚ್ಚು!”

ಶರ್ವರಿ ಫೋನ್ ಕೈಗೆತ್ತಿಕೊಂಡಳು. ಐದು ವರ್ಷದ ಪಿಎಚ್‌ಡಿಗೆ ಇದೊಂದೇ ಫಲಿತಾಂಶ ಬಾಕಿ ಇತ್ತು. ಗೈಡ್‌ಗೆ ಈಗಲೇ ಹೇಳಬೇಕು.

“ಫೋನ್ ಹಚ್ಚಬ್ಯಾಡ್ರಿ,” ಎಂದಳು ದುರ್ಗಾ. “ಆ ಕುಂಡಕ್ಕ ನಾ ನೀರು ಹಾಕಿಲ್ರಿ.”

“ಏನಂದಿ?”

“ಒಂದು ತಿಂಗಳಾತ್ರಿ. ನಿಮಗ ಗೊತ್ತಾಗಬಾರದಂತ ಇವತ್ತ ಮುಂಜಾನೆ ಅಷ್ಟ ಹಾಕೀನಿ.”

ಶರ್ವರಿಯ ಕೈಯಲ್ಲಿದ್ದ ಚಿಮಟ ಟ್ರೇಗೆ ಬಿತ್ತು. “ಇನ್ನ ಮತ್ತ ಮೊದಲಿಂದ ಹೂಳಬೇಕು! ಮತ್ತ ಮೂರು ತಿಂಗಳು! ತಿಳೀತದೇನು ನಿನಗ? ಯಾಕ ಹಿಂಗ ಮಾಡಿದಿ?”

“ಹ್ವಾದ ತಿಂಗಳು ತಗದಾಗ ಎಲ್ಲಾವೂ ತೂತು ಬಿದ್ದಿದ್ದುವ್ರಿ. ಇದೊಂದ ನೆಟ್ಟಗಿತ್ತು.” ದುರ್ಗಾ ಸೆರಗಿಗೆ ಕೈ ಒರೆಸುತ್ತಲೇ ಇದ್ದಳು, ಕೈ ಎಂದೋ ಒಣಗಿದ್ದರೂ. “ಒಂದರೆ ಉಳೀಲಿ ಅಂತ…”

ಬೈಯಲು ಬಾಯಿ ತೆರೆದ ಶರ್ವರಿಗೆ ಆ ದಿನ ನೆನಪಾಯಿತು. ಹೋದ ತಿಂಗಳು, ಹದಿನೈದು ದಿನದ ರಜೆ ಮುಗಿಸಿ ಬಂದ ದಿನವೇ ದುರ್ಗಾ ಆ ಹಾಳೆಗಳನ್ನು ತೊಳೆಯಲು ಕೂತಿದ್ದಳು. ಅವಳ ನಾಲ್ಕು ತಿಂಗಳ ಕೂಸು ಜ್ವರದಲ್ಲಿ ತೀರಿಕೊಂಡಿತ್ತು. ಎಳೆಗೂಸನ್ನು ಸುಡುವುದಿಲ್ಲವೆಂದು ಊರಾಚೆ ಕಾತ್ರಜದ ಗುಡ್ಡದ ಬುಡದಲ್ಲಿ ಮಣ್ಣು ಮಾಡಿದ್ದರು. ತೂತು ಬಿದ್ದ ಹಾಳೆಯೊಂದನ್ನು ಬೆಳಕಿಗೆ ಹಿಡಿದು ಅವಳು ಅಂದು ಒಂದೇ ಮಾತು ಕೇಳಿದ್ದಳು: “ಪೂರ್ತಿ ಮಣ್ಣಾಗಾಕ ಎಷ್ಟು ದಿನ ಬೇಕ್ರಿ ಅಕ್ಕಾರ?”

ತೂಕದ ಯಂತ್ರದಿಂದ ಕಣ್ಣೆತ್ತದೆ ಶರ್ವರಿ ಹೇಳಿದ್ದಳು: “ನೀರು ಬಿದ್ದಷ್ಟೂ ಲಗೂನ.”

ಈಗ ಹೊರಗೆ ತಗಡಿನ ಮೇಲೆ ಹನಿಗಳು ಬಿದ್ದವು, ಮೊದಲು ಒಂದೆರಡು, ಆಮೇಲೆ ಒಮ್ಮೆಲೇ. ದುರ್ಗಾ ಕಿಟಕಿಯ ಹತ್ತಿರ ಹೋಗಿ ನಿಂತಳು.

“ಅಕ್ಕಾರ, ಕಾತ್ರಜ ಕಡೆನೂ ಬೀಳಾಕತ್ತಿರತೈತೇನ್ರಿ ಮಳಿ?”